ಸಾಕು ಎನ್ನಬೇಕಾದವರು ಯಾರು?

ಮಾತು ಬಾರದ ಜೀವವೊಂದರ ಬೆನ್ನೇರಿ ನಾವು ನಮ್ಮ ಗುರಿಯತ್ತ ಸಾಗುತ್ತಿದ್ದೇವೆ ಎಂದಿಟ್ಟುಕೊಳ್ಳಿ. ಆ ಜೀವಕ್ಕೆ ಇನ್ನು ಸಾಧ್ಯವಿಲ್ಲ ಎಂಬ ಗಳಿಗೆ ಬಂದಾಗ ಅದನ್ನು ಯಾರು ಹೇಳಬೇಕು? ಹೇಳಲು ಅದಕ್ಕೆ ಮಾತಿಲ್ಲ. ಕೇಳಲು ನಮಗೆ ಮನಸ್ಸಿಲ್ಲದೆ ಹೋದರೆ ಅದರ ದಣಿವು ಅದರೊಳಗೇ ಉಳಿದು, ಕೊನೆಗೊಮ್ಮೆ ಕುಸಿತವಾಗಿ ಹೊರಬೀಳುತ್ತದೆ. ಆಗ ನಾವು 'ಅಯ್ಯೋ, ತಿಳಿಯಲೇ ಇಲ್ಲವಲ್ಲ' ಎನ್ನುತ್ತೇವೆ. ತಿಳಿಯಲಿಲ್ಲವೋ, ತಿಳಿದುಕೊಳ್ಳಲಿಲ್ಲವೋ ಎಂಬುದೇ ಇಲ್ಲಿನ ಪ್ರಶ್ನೆ.

ಪ್ರಿಯ ಓದುಗರೇ, ಈ ಪ್ರಶ್ನೆಯನ್ನು ಬರಿಯ ತತ್ತ್ವವಾಗಿ ಚರ್ಚಿಸುವುದು ಸುಲಭ. ಆದರೆ ಜಗತ್ತಿನ ಒಂದು ಕ್ರೀಡೆ ಇದನ್ನು ಕಣ್ಣಿಗೆ ಕಾಣುವಂತೆ, ಕೈಗೆ ಸಿಗುವಂತೆ ನಮ್ಮ ಮುಂದಿಟ್ಟಿದೆ. ಅದು ಎಂಡ್ಯೂರೆನ್ಸ್ ರೈಡಿಂಗ್ ಎಂದು ಕರೆಯಲಾಗುವ ದೀರ್ಘದೂರದ ಕುದುರೆ ಸವಾರಿ. ಒಬ್ಬ ಸವಾರ, ಒಂದು ಕುದುರೆ, ಒಂದೇ ದಿನದಲ್ಲಿ 80, 120 ಅಥವಾ 160 ಕಿಲೋಮೀಟರು ದಾರಿ. ನಮ್ಮ ಊರುಗಳಲ್ಲಿ ಇಂಥ ಸವಾರಿ ಮಾಡುವವರು ವಿರಳ. ನಮ್ಮಲ್ಲಿ ಹೆಚ್ಚಿನವರು ಕುದುರೆಯ ಲಗಾಮನ್ನು ಕೈಯಲ್ಲಿ ಹಿಡಿದವರೂ ಅಲ್ಲ. ಆದರೂ ಇನ್ನೊಬ್ಬರ ಶಕ್ತಿಯ ಮೇಲೆ ನಿಂತು ಮುಂದೆ ಸಾಗುವ ಅನುಭವ ನಮ್ಮಲ್ಲಿ ಯಾರಿಗಿಲ್ಲ? ಆದುದರಿಂದ ಈ ಸವಾರರ ಮುಂದಿರುವ ನೈತಿಕ ಸಂಕಟವನ್ನು ತುಸು ಸಾವಧಾನದಿಂದ ನೋಡೋಣ.

ಗೆದ್ದ ಕುದುರೆ ಬದುಕಲಿಲ್ಲ

1892ರ ಅಕ್ಟೋಬರ್ ತಿಂಗಳಲ್ಲಿ ಯುರೋಪಿನಲ್ಲಿ ಒಂದು ಪಂದ್ಯ ನಡೆಯಿತು. ಜರ್ಮನಿಯ ಸೇನಾಧಿಕಾರಿಗಳು ಬರ್ಲಿನ್ನಿನಿಂದ ವಿಯೆನ್ನಾ ನಗರಕ್ಕೆ, ಆಸ್ಟ್ರಿಯಾ-ಹಂಗೇರಿಯ ಸೇನಾಧಿಕಾರಿಗಳು ವಿಯೆನ್ನಾದಿಂದ ಬರ್ಲಿನ್ನಿಗೆ ಕುದುರೆಯ ಮೇಲೆ ಹೊರಟರು. ದೂರ 600 ಕಿಲೋಮೀಟರಿನ ಸಮೀಪ. ಯಾವ ಸೇನೆಯ ಸವಾರರು ಗಟ್ಟಿಗರು ಎಂಬುದು ಪಂದ್ಯದ ವಿಷಯ. ಆಸ್ಟ್ರಿಯಾದ ಕೌಂಟ್ ವಿಲ್ಹೆಲ್ಮ್ ಸ್ಟಾರ್ಹೆಂಬರ್ಗ್ ಸುಮಾರು 71 ಗಂಟೆಗಳಲ್ಲಿ ಗುರಿ ಮುಟ್ಟಿ ಮೊದಲಿಗನಾದ. ಅವನನ್ನು ಹೊತ್ತು ತಂದ ಅಥೋಸ್ ಎಂಬ ಕುದುರೆ ಆಮೇಲೆ ಬದುಕಲಿಲ್ಲ. ಆ ಪಂದ್ಯದಲ್ಲಿ ಒಟ್ಟು 20ಕ್ಕೂ ಹೆಚ್ಚು ಕುದುರೆಗಳು ಸತ್ತವು.

ಆ ಸವಾರರು ಕ್ರೂರಿಗಳಾಗಿದ್ದರೆ? ಹಾಗೆ ಹೇಳಿ ಮುಗಿಸಿಬಿಟ್ಟರೆ ನಮಗೆ ಕಲಿಯಲು ಏನೂ ಉಳಿಯುವುದಿಲ್ಲ. ಅವರು ಕುದುರೆಗಳ ನಡುವೆಯೇ ಬೆಳೆದವರು, ಕುದುರೆಯನ್ನು ಬಲ್ಲವರು, ತಮ್ಮ ಕುದುರೆಯ ಬಗೆಗೆ ಹೆಮ್ಮೆಯುಳ್ಳವರು. ಆದರೆ ಪಂದ್ಯ ಅವರಿಗೆ ಕೇಳಿದ್ದು ಒಂದೇ ಪ್ರಶ್ನೆಯನ್ನು: ಎಷ್ಟು ಬೇಗ ಬಂದಿರಿ? ಬಂದ ಕುದುರೆ ನಾಳೆ ಎದ್ದು ನಿಲ್ಲುವುದೇ ಎಂದು ಗಡಿಯಾರ ಕೇಳಲಿಲ್ಲ. ಮನುಷ್ಯನಿಗೆ ಯಾವ ಪ್ರಶ್ನೆ ಹಾಕುತ್ತೇವೆಯೋ ಅದಕ್ಕೆ ತಕ್ಕ ಉತ್ತರವನ್ನು ಅವನು ತರುತ್ತಾನೆ. ಪ್ರಶ್ನೆಯೇ ತಪ್ಪಾಗಿದ್ದರೆ ಒಳ್ಳೆಯವನ ಕೈಯಿಂದಲೂ ಕೆಟ್ಟ ಉತ್ತರ ಬರುತ್ತದೆ.

ಮುಗಿಸುವುದೆಂದರೆ ಏನು?

ಈಗ ಅರುವತ್ತಮೂರು ವರ್ಷ ಮುಂದಕ್ಕೆ ಬಂದು, ಅಮೆರಿಕದ ಕ್ಯಾಲಿಫೋರ್ನಿಯಾವನ್ನು ನೋಡಿ. 1955ರ ಆಗಸ್ಟಿನಲ್ಲಿ ಆಬರ್ನ್ ಎಂಬ ಊರಿನ ವೆಂಡೆಲ್ ರಾಬಿ ಮತ್ತು ಆತನ ಸಂಗಡಿಗರು ಟಾಹೊ ಸರೋವರದ ತೀರದಿಂದ ಸಿಯೆರಾ ನೆವಾಡಾ ಪರ್ವತಗಳನ್ನು ದಾಟಿ, ಒಂದು ದಿನದೊಳಗೆ ಆಬರ್ನಿಗೆ ಬಂದರು. 100 ಮೈಲಿ, ಅಂದರೆ ಸುಮಾರು 160 ಕಿಲೋಮೀಟರು. ಅಂದು ತೊಡಗಿದ ಆ ಸವಾರಿ ಟೆವಿಸ್ ಕಪ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ದಾರಿ ಕಡಿದಾದದ್ದು. ಬೇಸಗೆಯ ಬಿಸಿಲು, ಆಳವಾದ ಕಣಿವೆಗಳು, ರಾತ್ರಿಯ ಕತ್ತಲಲ್ಲಿ ಕಿರುದಾರಿ. ಹೊರಟವರಲ್ಲಿ ಸರಾಸರಿ ಅರ್ಧದಷ್ಟು ಮಂದಿ ಮಾತ್ರ ಪೂರೈಸುತ್ತಾರೆ. 24 ಗಂಟೆಯೊಳಗೆ ಪೂರೈಸಿದವರಿಗೆ ದೊರೆಯುವುದು ಸೊಂಟಪಟ್ಟಿಯ ಒಂದು ಬೆಳ್ಳಿಯ ಬಕಲ್.

ಆದರೆ 'ಪೂರೈಸುವುದು' ಎಂಬ ಮಾತಿನ ಅರ್ಥ ಇಲ್ಲಿ ಬದಲಾಯಿತು. ಗೆರೆ ದಾಟಿದ ಮೇಲೆ ಪಶುವೈದ್ಯರು ಕುದುರೆಯನ್ನು ಪರೀಕ್ಷಿಸುತ್ತಾರೆ. ಅದು ಇನ್ನೂ ಮುಂದೆ ಸಾಗಬಲ್ಲ ಸ್ಥಿತಿಯಲ್ಲಿದೆ ಎಂದು ಅವರು ಒಪ್ಪಿದರೆ ಮಾತ್ರ ಸವಾರಿ ಪೂರ್ಣವಾದಂತೆ. ಕುದುರೆ ಕುಂಟುತ್ತಿದ್ದರೆ, ಒಳಗೇ ಬಳಲಿ ಹೋಗಿದ್ದರೆ, ಆ 160 ಕಿಲೋಮೀಟರು ಲೆಕ್ಕಕ್ಕೆ ಬಾರದು. ಇನ್ನೊಂದು ಸಂಗತಿಯನ್ನೂ ಗಮನಿಸಿ. ಮೊದಲು ಬಂದ ಹತ್ತು ಕುದುರೆಗಳಲ್ಲಿ ಯಾವುದು ಅತ್ಯುತ್ತಮ ಸ್ಥಿತಿಯಲ್ಲಿದೆ ಎಂದು ಮಾರನೆಯ ಬೆಳಿಗ್ಗೆ ನೋಡಿ, ಅದಕ್ಕೆ 1964ರಿಂದ ಹ್ಯಾಗಿನ್ ಕಪ್ ಎಂಬ ಬಹುಮಾನ ಕೊಡುತ್ತ ಬಂದಿದ್ದಾರೆ. ಬಲ್ಲ ಸವಾರರಲ್ಲಿ ಅನೇಕರಿಗೆ ಮೊದಲು ಬರುವುದಕ್ಕಿಂತ ಈ ಬಹುಮಾನವೇ ಹೆಚ್ಚು. 1972ರಲ್ಲಿ ಸ್ಥಾಪನೆಯಾದ ಅಮೆರಿಕದ ಎಂಡ್ಯೂರೆನ್ಸ್ ಸವಾರರ ಸಂಸ್ಥೆ 'ಪೂರೈಸುವುದೇ ಗೆಲುವು' ಎಂಬುದನ್ನು ತನ್ನ ಧ್ಯೇಯವಾಕ್ಯ ಮಾಡಿಕೊಂಡಿತು.

ಬರ್ಲಿನ್-ವಿಯೆನ್ನಾ ಪಂದ್ಯಕ್ಕೂ ಇದಕ್ಕೂ ಇರುವ ಅಂತರವನ್ನು ನೀವು ಕಂಡಿರಿ. ಇಲ್ಲಿ ಗಡಿಯಾರದ ಪ್ರಶ್ನೆಯ ಪಕ್ಕದಲ್ಲಿ ಇನ್ನೊಂದು ಪ್ರಶ್ನೆ ಬಂದು ಕುಳಿತಿತು: ನಿನ್ನನ್ನು ಹೊತ್ತು ತಂದ ಜೀವ ಹೇಗಿದೆ?

ಈ ಪ್ರಶ್ನೆಗೆ ಉತ್ತರ ಪಡೆಯಲು ದಾರಿಯ ನಡುವೆಯೂ ತಪಾಸಣೆಯ ತಾಣಗಳಿವೆ. ವೆಟ್ ಗೇಟ್ ಎಂದು ಅವುಗಳ ಹೆಸರು. ವಿಶ್ರಾಂತಿಯಲ್ಲಿರುವ ಕುದುರೆಯ ಹೃದಯ ನಿಮಿಷಕ್ಕೆ ಸುಮಾರು 30ರಿಂದ 40 ಬಾರಿ ಬಡಿಯುತ್ತದೆ. ಓಡಿ ಬಂದ ಕುದುರೆಯ ಬಡಿತ ನಿಗದಿತ ನಿಮಿಷಗಳೊಳಗೆ 64ಕ್ಕೆ ಇಳಿಯಬೇಕು ಎಂಬುದು ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಸಾಮಾನ್ಯ ನಿಯಮ. ವೈದ್ಯರು ವಸಡಿನ ಮೇಲೆ ಬೆರಳೊತ್ತಿ, ಬಿಳಿಚಿಕೊಂಡ ಜಾಗಕ್ಕೆ ರಕ್ತ ಎಷ್ಟು ಬೇಗ ಮರಳುತ್ತದೆಂದು ನೋಡುತ್ತಾರೆ. ಚರ್ಮವನ್ನು ಚಿವುಟಿ ಬಿಟ್ಟು ನೀರಿನ ಕೊರತೆಯನ್ನು ಅಳೆಯುತ್ತಾರೆ. ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟು ಕರುಳಿನ ಸದ್ದು ಆಲಿಸುತ್ತಾರೆ. ಆ ಸದ್ದು ಅಡಗಿದ್ದರೆ ಅಪಾಯ. ಕೊನೆಗೆ ಕುದುರೆಯನ್ನು ಸಣ್ಣ ಓಟದಲ್ಲಿ ಓಡಿಸಿ, ನಾಲ್ಕು ಕಾಲುಗಳೂ ಸಮನಾಗಿ ಊರುತ್ತಿವೆಯೇ ಎಂದು ಕಣ್ಣಿಟ್ಟು ನೋಡುತ್ತಾರೆ. ತೇರ್ಗಡೆಯಾದ ಕುದುರೆಗೂ ಕಡ್ಡಾಯ ವಿಶ್ರಾಂತಿಯುಂಟು. ಟೆವಿಸ್ ಸವಾರಿಯಲ್ಲಿ ಅಂಥ ಒಂದೊಂದು ಗಂಟೆಯ ವಿರಾಮ ಎರಡು ಬಾರಿ ಬರುತ್ತದೆ.

ದಾಹವನ್ನೇ ಮರೆಯುವ ದೇಹ

ಇಷ್ಟೆಲ್ಲ ವ್ಯವಸ್ಥೆಯಿರುವಾಗ ಸವಾರನ ಹೊಣೆ ಹಗುರವಾಯಿತಲ್ಲವೇ ಎಂದು ಯಾರಾದರೂ ಕೇಳಬಹುದು. ವೈದ್ಯರು ತಡೆದರೆ ನಿಲ್ಲುತ್ತೇನೆ, ಬಿಟ್ಟರೆ ಹೋಗುತ್ತೇನೆ. ನಿರ್ಣಯ ಅವರದು, ಸವಾರಿ ನನ್ನದು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಕುದುರೆಯ ದೇಹದ ರಚನೆಯನ್ನು ತಿಳಿದವರು ಈ ಮಾತನ್ನು ಒಪ್ಪಲಾರರು.

ದುಡಿಯುವ ಕುದುರೆಯ ಸ್ನಾಯುಗಳಲ್ಲಿ ವ್ಯಯವಾಗುವ ಶಕ್ತಿಯ ಸುಮಾರು ಕಾಲು ಭಾಗವಷ್ಟೇ ಚಲನೆಗೆ ಒದಗುತ್ತದೆ. ಉಳಿದದ್ದೆಲ್ಲ ಶಾಖವಾಗುತ್ತದೆ. ಆ ಶಾಖವನ್ನು ಹೊರಹಾಕಲು ಕುದುರೆ ಬೆವರುತ್ತದೆ. ಸೆಕೆಯ ದಿನ ಗಂಟೆಗೆ 10ರಿಂದ 15 ಲೀಟರಿನಷ್ಟು ಬೆವರು ಹರಿಯಬಹುದು. ಮನುಷ್ಯನ ಬೆವರಿಗಿಂತ ಕುದುರೆಯ ಬೆವರಿನಲ್ಲಿ ಲವಣ ಬಹಳ ಹೆಚ್ಚು. ನಮ್ಮ ದೇಹದಲ್ಲಿ ನೀರು ಕಡಿಮೆಯಾದಾಗ ರಕ್ತದಲ್ಲಿ ಉಪ್ಪಿನ ಸಾಂದ್ರತೆ ಏರಿ, ಬಾಯಾರಿಕೆಯ ಕರೆ ಏಳುತ್ತದೆ. ಕುದುರೆಯಲ್ಲಿ ನೀರಿನ ಜೊತೆಗೆ ಉಪ್ಪೂ ಹೊರಟುಹೋಗುವುದರಿಂದ ಆ ಸಾಂದ್ರತೆ ಅಷ್ಟಾಗಿ ಏರುವುದಿಲ್ಲ. ಹಾಗಾಗಿ ಮೈಯ ನೀರೆಲ್ಲ ಬತ್ತುತ್ತಿದ್ದರೂ ಕುದುರೆಗೆ ಬಾಯಾರಿಕೆಯೇ ತೋರದಿರಬಹುದು. ತೊಟ್ಟಿಯ ಮುಂದೆ ನಿಲ್ಲಿಸಿದರೂ ಅದು ಮುಖ ತಿರುಗಿಸಬಹುದು. 'ಬೇಕಿದ್ದರೆ ಕುಡಿಯುತ್ತಿತ್ತು' ಎಂಬ ಸಮಾಧಾನ ಇಲ್ಲಿ ಸಲ್ಲದು. ಅದಕ್ಕೆ ಬೇಕು; ಬೇಕೆಂಬುದು ಅದಕ್ಕೇ ಗೊತ್ತಿಲ್ಲ.

ಇನ್ನೊಂದು ಸಂಗತಿ. ಕುದುರೆ ಬೇಟೆಗೆ ಗುರಿಯಾಗುತ್ತ ಬಂದ ಪ್ರಾಣಿವರ್ಗಕ್ಕೆ ಸೇರಿದ್ದು. ಹಿಂಡಿನಲ್ಲಿ ಕುಂಟುವ ಪ್ರಾಣಿಯ ಮೇಲೆ ಹಿಂಸ್ರಪಶುವಿನ ಕಣ್ಣು ಮೊದಲು ಬೀಳುತ್ತದೆ. ಆದುದರಿಂದ ನೋವನ್ನು ಅಡಗಿಸಿಕೊಳ್ಳುವುದು ಅದರ ಸ್ವಭಾವದಲ್ಲೇ ಇದೆ. ಮುಂದೆ ಓಡುವ ಕುದುರೆಯನ್ನು ಕಂಡರೆ ತಾನೂ ಓಡಬೇಕೆಂಬ ತವಕವೂ ಅಷ್ಟೇ ಸಹಜ. ಎಂಟು ಗಂಟೆ ಓಡಿ ದಣಿದ ಕುದುರೆ, ಪಕ್ಕದಲ್ಲಿ ಇನ್ನೊಂದು ಹಾದುಹೋದ ಕೂಡಲೇ ಕಿವಿ ನಿಮಿರಿಸಿ ಮುನ್ನುಗ್ಗುತ್ತದೆ. ಸವಾರ ಹಿಗ್ಗಿ, 'ನೋಡಿ, ನನ್ನ ಕುದುರೆಗೆ ಎಂಥ ಹುಮ್ಮಸ್ಸು' ಎನ್ನುತ್ತಾನೆ.

ಇಲ್ಲಿಯೇ ನಮ್ಮ ಚರ್ಚೆಯ ತಿರುಳಿದೆ. ಕುದುರೆಯ ಹುಮ್ಮಸ್ಸು ಅದರ ಒಪ್ಪಿಗೆಯಲ್ಲ. ಒಪ್ಪಿಗೆ ಎನ್ನಬೇಕಾದರೆ ಮುಂದಿನ ದಾರಿ ಎಷ್ಟು ಉದ್ದ, ಬೆಲೆ ಏನು, ಬೇಡವೆಂದರೆ ಏನಾಗುತ್ತದೆ ಎಂಬ ಅರಿವು ಇರಬೇಕು. ಕುದುರೆಗೆ ಇವು ಯಾವುವೂ ತಿಳಿಯದು. ಇನ್ನು 60 ಕಿಲೋಮೀಟರು ಬಾಕಿಯಿದೆ ಎಂಬುದು ಸವಾರನಿಗೆ ಗೊತ್ತು, ಕುದುರೆಗೆ ಗೊತ್ತಿಲ್ಲ. ಬೆಳ್ಳಿಯ ಬಕಲ್ ಬೇಕಾಗಿರುವುದು ಸವಾರನಿಗೆ, ಕುದುರೆಗಲ್ಲ. ತನಗೆ ಕೇಡಾಗುವಷ್ಟು ಮನಸಾರೆ ದುಡಿಯುವ ಜೀವದ ವಿಷಯದಲ್ಲಿ ನಮ್ಮ ಹೊಣೆ ಕಡಿಮೆಯಾಗುವುದಿಲ್ಲ, ಇಮ್ಮಡಿಯಾಗುತ್ತದೆ. ಹಠಮಾರಿ ಕುದುರೆ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ವಿಧೇಯ ಕುದುರೆಯನ್ನು ಕಾಯಬೇಕಾದವನು ಸವಾರನೇ.

ಹಳೆಯ ಒಡಂಬಡಿಕೆಯಲ್ಲಿ ಬಿಳಾಮನ ಪ್ರಸಂಗ ನಿಮಗೆ ನೆನಪಿರಬಹುದು. ದಾರಿಯಲ್ಲಿ ನಿಂತಿದ್ದ ಅಪಾಯವನ್ನು ಕಂಡದ್ದು ಅವನ ಕತ್ತೆ. ಕಾಣದೆ ಅದನ್ನು ಮೂರು ಬಾರಿ ಹೊಡೆದವನು ಪ್ರವಾದಿಯೆನಿಸಿಕೊಂಡ ಸವಾರ. ಮುಂದೆ ಹೋಗಲೊಲ್ಲದ ಪ್ರಾಣಿಯ ಬಳಿ ಒಂದು ಕಾರಣವಿರಬಹುದೆಂದು ಅವನಿಗೆ ಹೊಳೆಯಲೇ ಇಲ್ಲ. ಆ ಕತ್ತೆಗೆ ಒಮ್ಮೆ ಮಾತು ಬಂತು. ನಮ್ಮ ಕಾಲದ ಕುದುರೆಗಳಿಗೆ ಬರುವುದಿಲ್ಲ. ಅವುಗಳ ಮಾತನ್ನು ನಾಡಿಯಲ್ಲಿ, ವಸಡಿನ ಬಣ್ಣದಲ್ಲಿ, ಹೆಜ್ಜೆಯ ಸದ್ದಿನಲ್ಲಿ ನಾವೇ ಓದಿಕೊಳ್ಳಬೇಕು.

ನಿಯಮದ ಆಚೆಗಿನ ಕರ್ತವ್ಯ

ಪಶುವೈದ್ಯರು ಒಂದು ಕುದುರೆಯನ್ನು ನೋಡುವುದು ಕೆಲವೇ ನಿಮಿಷ. ಸವಾರ ಅದರ ಬೆನ್ನ ಮೇಲಿರುವುದು ಹತ್ತಾರು ಗಂಟೆ. ಏರಿನಲ್ಲಿ ಅದರ ಉಸಿರು ಎಂದಿಗಿಂತ ಭಾರವಾದದ್ದು, ಸದಾ ಹುಲ್ಲಿಗೆ ಬಾಯಿ ಹಾಕುವ ಅದು ಇಂದು ಹಸಿರನ್ನು ಕಂಡೂ ಕಾಣದಂತೆ ನಡೆದದ್ದು, ಕಲ್ಲಿನ ನೆಲದಲ್ಲಿ ಎಡಗಾಲನ್ನು ಕೊಂಚ ಬೇಗ ಎತ್ತಿದ್ದು, ಇವೆಲ್ಲ ಸವಾರನಿಗೆ ಮಾತ್ರ ತಿಳಿಯುವ ಸಂಗತಿಗಳು. ಅವನು ಬಾಯಿ ಬಿಡದೆ ಹೋದರೆ ವೈದ್ಯರ ಕಣ್ಣು ತಪ್ಪಿಸಿ ಕುದುರೆ ಮುಂದೆ ಹೋಗಬಹುದು. ನಿಯಮ ಮೀರಿಲ್ಲ. ಆದರೆ ಸತ್ಯ ಮುಚ್ಚಿಟ್ಟಂತಾಯಿತು.

ಬಡಿತ 64ಕ್ಕೆ ಇಳಿಯಬೇಕೆಂದು ನಿಯಮವಿದೆ. ದಾರಿಯ ಕೊನೆಯ ಭಾಗದಲ್ಲಿ ನಿಧಾನಕ್ಕೆ ಬಂದು, ಸವಾರ ಕೆಳಗಿಳಿದು ಪಕ್ಕದಲ್ಲಿ ನಡೆದು, ಕುದುರೆಯ ದಣಿವಾರಿಸಿ 64ಕ್ಕೆ ತರುವುದು ಒಂದು ಬಗೆ. ಕೊನೆಯವರೆಗೂ ಓಡಿಸಿ, ಬಂದ ಕೂಡಲೇ ಹಲವರು ಸೇರಿ ತಣ್ಣೀರು ಸುರಿದು ಹೇಗೋ 64 ತೋರಿಸುವುದು ಇನ್ನೊಂದು ಬಗೆ. ನೀರು ಸುರಿಯುವುದು ತಪ್ಪಲ್ಲ. ಕುದುರೆಗೆ ಅದು ಹಿತವೇ. ಆದರೆ ಎರಡನೆಯ ಸವಾರ ಕುದುರೆಯ ಕಡೆಗೆ ನೋಡುತ್ತಿಲ್ಲ, ಅಂಕಿಯ ಕಡೆಗೆ ನೋಡುತ್ತಿದ್ದಾನೆ. ಇನ್ನೂ ಮುಂದೆ ಹೋದವರುಂಟು. ಕುಂಟು ಕಾಣದಿರಲೆಂದು ನರಕ್ಕೆ ಮದ್ದು ಚುಚ್ಚಿ ಕಾಲಿನ ನೋವನ್ನೇ ಮರಗಟ್ಟಿಸುವ ದುಷ್ಟತನವನ್ನು ತಡೆಯಲು ಅಂತಾರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ ಈಚಿನ ವರ್ಷಗಳಲ್ಲಿ ಪ್ರತ್ಯೇಕ ಪರೀಕ್ಷೆಯನ್ನೇ ತರಬೇಕಾಯಿತು. ನೋವು ಕುದುರೆಗಿರುವ ಕೊನೆಯ ಮಾತು. ಆ ಮಾತನ್ನೂ ಕಿತ್ತುಕೊಂಡ ಮೇಲೆ ಅದು ಮುರಿಯುವ ತನಕ ಓಡುತ್ತದೆ.

ನಿಯಮ ಎಂಬುದು ಇಷ್ಟಕ್ಕಿಂತ ಕೆಳಗೆ ಇಳಿಯಬಾರದು ಎನ್ನುವ ಗೆರೆ. ಇಷ್ಟು ಮಾಡಿದರೆ ಸಾಕು ಎಂಬ ಪ್ರಮಾಣಪತ್ರವಲ್ಲ. ಒಳ್ಳೆಯ ಸವಾರನ ಕರ್ತವ್ಯ ಪಂದ್ಯಕ್ಕೆ ಎಷ್ಟೋ ವರ್ಷ ಮೊದಲೇ ತೊಡಗುತ್ತದೆ. ಕುದುರೆಯ ಹೃದಯ ಮತ್ತು ಸ್ನಾಯುಗಳು ಕೆಲವೇ ತಿಂಗಳ ಅಭ್ಯಾಸದಲ್ಲಿ ಗಟ್ಟಿಯಾಗುತ್ತವೆ. ಮೂಳೆ, ಸ್ನಾಯುರಜ್ಜುಗಳು ಗಟ್ಟಿಯಾಗಲು ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕು. ಆದುದರಿಂದ ಓಡಬಲ್ಲೆ ಎನ್ನುವ ಕುದುರೆಯ ಕಾಲು ಇನ್ನೂ ಸಿದ್ಧವಾಗದಿರುವ ಅಪಾಯದ ಅವಧಿಯೊಂದಿರುತ್ತದೆ. ಟೆವಿಸ್ ಸವಾರಿಗೆ 6 ವರ್ಷ ತುಂಬದ ಕುದುರೆಯನ್ನು ಸೇರಿಸದಿರುವುದು ಇದೇ ಕಾರಣಕ್ಕೆ. ಕಾಯುವುದೂ ಪ್ರೀತಿಯ ಒಂದು ರೂಪ. ಪಂದ್ಯದ ದಿನವಂತೂ ವೈದ್ಯರು ಬಿಟ್ಟರೂ ತಾನಾಗಿ ಹಿಂದೆ ಸರಿಯುವ ಹಕ್ಕು ಸವಾರನಿಗಿದೆ. ಆ ಹಕ್ಕನ್ನು ಬಳಸಿದವನ ಹೆಸರು ಪೂರೈಸಿದವರ ಪಟ್ಟಿಯಲ್ಲಿ ಇರುವುದಿಲ್ಲ. ಅವನ ಕುದುರೆ ಮಾತ್ರ ಮರುದಿನ ಹುಲ್ಲು ಮೇಯುತ್ತಿರುತ್ತದೆ.

ಹಂಚಿಹೋದ ಹೊಣೆ

ಒಬ್ಬ ಸವಾರ, ಒಂದು ಕುದುರೆ ಎಂಬ ಸರಳ ಚಿತ್ರ ಎಲ್ಲ ಕಡೆಯೂ ಉಳಿಯಲಿಲ್ಲ. ಪರ್ವತದ ದಾರಿಯಲ್ಲಿ ಗಂಟೆಗೆ ಸರಾಸರಿ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಸಾಗುತ್ತಿದ್ದ ಈ ಕ್ರೀಡೆ ಅರಬ್ ನಾಡುಗಳ ಸಮತಟ್ಟಾದ ಮರಳಿನ ಹಾದಿಗೆ ಬಂದಾಗ ವೇಗ ಗಂಟೆಗೆ 25 ಕಿಲೋಮೀಟರನ್ನೂ ಮೀರಿತು. ಕುದುರೆಯ ಪಕ್ಕದಲ್ಲೇ ವಾಹನಗಳ ಸಾಲು ಓಡತೊಡಗಿತು. ಬಹುಮಾನ ದೊಡ್ಡದಾಯಿತು. ಕುದುರೆ ಒಬ್ಬರದು, ತರಬೇತಿ ಇನ್ನೊಬ್ಬರದು, ಸವಾರ ಸಂಬಳದವನು. ಕುದುರೆಗಳ ಕಾಲು ಮುರಿಯುವುದೂ ಸಾಯುವುದೂ ಮತ್ತೆ ಮತ್ತೆ ಸುದ್ದಿಯಾಯಿತು. ಕೊನೆಗೆ 2015ರ ಮಾರ್ಚಿನಲ್ಲಿ ಅಂತಾರಾಷ್ಟ್ರೀಯ ಒಕ್ಕೂಟವು ಕುದುರೆಗಳ ಕ್ಷೇಮ ಮತ್ತು ನಿಯಮಪಾಲನೆಯ ಕಾರಣಗಳಿಗಾಗಿ ಸಂಯುಕ್ತ ಅರಬ್ ಸಂಸ್ಥಾನದ ರಾಷ್ಟ್ರೀಯ ಸಂಘವನ್ನೇ ಅಮಾನತಿನಲ್ಲಿಟ್ಟಿತು. ಸುಧಾರಣೆಯ ಒಪ್ಪಂದವಾದ ಬಳಿಕ ಅದೇ ಜುಲೈನಲ್ಲಿ ಅಮಾನತು ತೆರವಾಯಿತು.

ಇಂಥ ಏರ್ಪಾಡಿನಲ್ಲಿ ಕುದುರೆಯೊಂದು ಬಿದ್ದರೆ ಹೊಣೆ ಯಾರದು? ಒಡೆಯ, ತರಬೇತುದಾರನನ್ನು ನಂಬಿದ್ದೆ ಎನ್ನುತ್ತಾನೆ. ತರಬೇತುದಾರ, ಸವಾರ ಮಿತಿಮೀರಿ ಓಡಿಸಿದ ಎನ್ನುತ್ತಾನೆ. ಸವಾರ, ನನಗೆ ಅಪ್ಪಣೆಯಾಗಿತ್ತು, ವೈದ್ಯರೂ ಬಿಟ್ಟಿದ್ದರು ಎನ್ನುತ್ತಾನೆ. ಒಬ್ಬೊಬ್ಬರ ಮಾತಿನಲ್ಲೂ ಸ್ವಲ್ಪ ನಿಜವಿದೆ. ಎಲ್ಲವನ್ನೂ ಕೂಡಿಸಿದರೆ ಕುದುರೆ ಮಾತ್ರ ಸತ್ತಿದೆ. ಹೊಣೆಯನ್ನು ರೊಟ್ಟಿಯಂತೆ ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೂ ಬರುವುದು ಸಣ್ಣ ಚೂರು ಎಂದು ನಾವು ಎಣಿಸುತ್ತೇವೆ. ಅದು ಸರಿಯಲ್ಲ. ತಡೆಯಬಲ್ಲವನಾಗಿದ್ದು ತಡೆಯದ ಪ್ರತಿಯೊಬ್ಬನ ಹೊಣೆಯೂ ಇಡಿಯಾದದ್ದೇ. ಆದರೂ ಎಲ್ಲರಿಗಿಂತ ಹತ್ತಿರವಿದ್ದು, ಲಗಾಮು ಕೈಯಲ್ಲಿದ್ದವನು ಸವಾರ. ಹತ್ತಿರವಿದ್ದವನು ಮೊದಲು ಉತ್ತರ ಹೇಳಬೇಕು.

ಅದೇ ನಾಡಿನಿಂದ ಒಳ್ಳೆಯ ಮೇಲ್ಪಂಕ್ತಿಯೂ ಬಂತೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಅಬುಧಾಬಿಯ ರಾಜಮನೆತನದ ಶೇಖ್ ಸುಲ್ತಾನ್ ಬಿನ್ ಝಾಯೆದ್ ಅವರು ಬೌಥಿಬ್ ಎಂಬ ಕಡೆ ತಾವು ನಡೆಸುತ್ತಿದ್ದ ಪಂದ್ಯಗಳಲ್ಲಿ ವೇಗಕ್ಕೆ ಗಂಟೆಗೆ 20 ಕಿಲೋಮೀಟರಿನ ಮಿತಿ ಹಾಕಿದರು. ಹೃದಯ ಬಡಿತ 64ಕ್ಕಲ್ಲ, 56ಕ್ಕೆ ಇಳಿಯಬೇಕೆಂದರು. ಬಹುಮಾನವನ್ನು ಕುದುರೆಯ ಸ್ಥಿತಿಗೆ ಜೋಡಿಸಿದರು. ಅದೇ ಮರಳು, ಅದೇ ಬಿಸಿಲು. ಬದಲಾದದ್ದು ಪ್ರಶ್ನೆ ಮಾತ್ರ. 2019ರಲ್ಲಿ ತೀರಿಕೊಂಡ ಅವರು ತೋರಿಸಿಕೊಟ್ಟದ್ದು ಇಷ್ಟು: ಯಾವುದಕ್ಕೆ ಮಾನ ಸಿಗುತ್ತದೆಯೋ ಅದರ ಹಿಂದೆ ಜನ ಹೋಗುತ್ತಾರೆ.

2018ರ ಸೆಪ್ಟೆಂಬರಿನಲ್ಲಿ ಅಮೆರಿಕದ ಟ್ರೈಯನ್ ಎಂಬಲ್ಲಿ ನಡೆದ ವಿಶ್ವ ಅಶ್ವಕ್ರೀಡಾಕೂಟದ ಎಂಡ್ಯೂರೆನ್ಸ್ ಪಂದ್ಯವನ್ನೂ ಇಲ್ಲಿ ನೆನೆಯಬೇಕು. ಬೆಳಿಗ್ಗೆ ಗೊಂದಲದಲ್ಲಿ ಹೊರಟ ಪಂದ್ಯವನ್ನು ನಿಲ್ಲಿಸಿ, ದೂರ ಕಡಿಮೆ ಮಾಡಿ ಮತ್ತೆ ಹೊರಡಿಸಿದರು. ಮಧ್ಯಾಹ್ನದ ಬಿಸಿಲೂ ಗಾಳಿಯ ತೇವವೂ ಸೇರಿ ಕುದುರೆಗಳಿಗೆ ಅಪಾಯವೆಂದು ಕಂಡಾಗ ಪಂದ್ಯವನ್ನೇ ರದ್ದು ಮಾಡಿದರು. ಅಷ್ಟರಲ್ಲಿ 50ಕ್ಕೂ ಹೆಚ್ಚು ಕುದುರೆಗಳಿಗೆ ಚಿಕಿತ್ಸೆ ಬೇಕಾಯಿತು. ಒಂದು ಕುದುರೆ ಉಳಿಯಲಿಲ್ಲ. ಗಾಳಿಯಲ್ಲಿ ತೇವ ತುಂಬಿದಾಗ ಬೆವರು ಆರದು, ಬೆವರು ಆರದಿದ್ದರೆ ಮೈ ತಣಿಯದು. ಇದು ಕುದುರೆ ಬಲ್ಲವರಿಗೆಲ್ಲ ಗೊತ್ತಿರುವ ವಿಷಯ. ಅದು ವರ್ಷಗಳ ತಯಾರಿಯ, ದೇಶದ ಬಾವುಟದ, ವಿಶ್ವಪದವಿಯ ದಿನ. ಸಾಕು ಎನ್ನುವುದು ಅತ್ಯಂತ ಅಗತ್ಯವಾಗಿರುವ ದಿನವೇ ಅತ್ಯಂತ ಕಷ್ಟದ ದಿನವೂ ಆಗಿರುತ್ತದೆ. ಆ ಘಟನೆಯ ಬಳಿಕ ಕ್ರೀಡೆಯ ನಿಯಮಗಳನ್ನು ಪರಿಶೀಲಿಸಿ, 2020ರಲ್ಲಿ ಬಿಗಿಗೊಳಿಸಿದರು.

ಏರುವುದೇ ತಪ್ಪೇ?

ಇಷ್ಟು ಓದಿದ ನಿಮ್ಮಲ್ಲಿ ಕೆಲವರಾದರೂ ಕೇಳಬಹುದು: ಇಷ್ಟು ಅಪಾಯವಿದ್ದರೆ ಈ ಕ್ರೀಡೆಯೇ ಏಕೆ? ಕುದುರೆ ಯಾರನ್ನೂ ಬಾ, ಏರು ಎಂದು ಕರೆದಿಲ್ಲವಲ್ಲ?

ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಕುದುರೆಗೆ ಪಂದ್ಯ ಬೇಕಿಲ್ಲ, ನಿಜ. ಆದರೆ ಓಟ ಅದಕ್ಕೆ ಪರಕೀಯವಲ್ಲ. ಅದರ ಶ್ವಾಸಕೋಶ, ಕಾಲು, ಗೊರಸು ಎಲ್ಲವೂ ದೂರ ಸಾಗಲೆಂದೇ ರೂಪುಗೊಂಡವು. ಇಡೀ ದಿನ ಲಾಯದ ನಾಲ್ಕು ಗೋಡೆಗಳ ನಡುವೆ ನಿಂತ ಕುದುರೆಯ ಬಾಳು ಸುಖದ್ದೆಂದು ಹೇಳಲಾಗದು. ಒಳ್ಳೆಯ ಸವಾರನ ಕೈಯಲ್ಲಿ ವರ್ಷಗಳ ಕಾಲ ಬೆಟ್ಟ ಹತ್ತಿಳಿದ ಕುದುರೆ ಮುಪ್ಪಿನವರೆಗೂ ಗಟ್ಟಿಯಾಗಿ ಬಾಳಿದ ನಿದರ್ಶನಗಳೂ ಇವೆ. ಮನುಷ್ಯ ಮತ್ತು ಕುದುರೆಯ ಸಹವಾಸ ಸಾವಿರಾರು ವರ್ಷಗಳದ್ದು. ಅದನ್ನು ಒಂದೇ ಮಾತಿನಲ್ಲಿ ದಾಸ್ಯವೆಂದು ತೀರ್ಮಾನಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆದರೆ ಒಂದು ಮಾತನ್ನು ಮರೆಯುವಂತಿಲ್ಲ. ಈ ಸಂಬಂಧದಲ್ಲಿ ಸಾಲ ಒಂದೇ ಕಡೆಯದು. ಬೆನ್ನು ಕುದುರೆಯದು, ಬಯಕೆ ನಮ್ಮದು. ಆದುದರಿಂದ ಏರುವುದು ಸರಿಯೋ ತಪ್ಪೋ ಎಂಬುದಕ್ಕೆ ಏರುವಾಗ ಉತ್ತರ ಸಿಗುವುದಿಲ್ಲ, ಇಳಿಯುವಾಗ ಸಿಗುತ್ತದೆ. ಇಳಿಯಬೇಕಾದಾಗ ಇಳಿಯಬಲ್ಲವನಿಗೆ ಮಾತ್ರ ಏರುವ ಅರ್ಹತೆ. ಟೆವಿಸ್ ದಾರಿಯ ಕಡಿದಾದ ಏರುಗಳಲ್ಲಿ ಅನೇಕ ಸವಾರರು ಜೀನಿನಿಂದ ಇಳಿದು, ಕುದುರೆಯನ್ನು ಮುಂದೆ ಬಿಟ್ಟು, ತಾವು ಏದುಸಿರು ಬಿಡುತ್ತ ಹಿಂದೆ ನಡೆಯುತ್ತಾರೆ. ಇಳಿಜಾರಿನಲ್ಲಿ ಪಕ್ಕದಲ್ಲಿ ಓಡುತ್ತಾರೆ. ದಾರಿಯ ಕಷ್ಟವನ್ನು ತನ್ನ ಕಾಲಿನಿಂದಲೂ ಅಳೆದ ಸವಾರನಿಗೆ ಕುದುರೆಯ ದಣಿವನ್ನು ಇನ್ನೊಬ್ಬರು ವಿವರಿಸಬೇಕಾಗಿಲ್ಲ.

ತನ್ನ ಕಾಲ ಮೇಲೆ

ಇದೇ ದಾರಿಯ ಇನ್ನೊಂದು ಸಂಗತಿ ನನಗೆ ಈ ಇಡೀ ಚರ್ಚೆಗೆ ಬೆಳಕು ಕೊಡುವಂತೆ ಕಾಣುತ್ತದೆ. ಗೋರ್ಡಿ ಐನ್ಸ್‌ಲೀ ಎಂಬ ಯುವಕ 1971 ಮತ್ತು 1972ರಲ್ಲಿ ಟೆವಿಸ್ ಸವಾರಿಯನ್ನು ಕುದುರೆಯ ಮೇಲೆ ಪೂರೈಸಿದ್ದ. 1973ರಲ್ಲಿ ಅವನ ಹೊಸ ಕುದುರೆ ನಡುದಾರಿಯಲ್ಲಿ ಕುಂಟಿತು. ಅವನು ಅಲ್ಲಿಗೇ ನಿಲ್ಲಿಸಬೇಕಾಯಿತು. ಮರುವರ್ಷ ಅವನ ಬಳಿ ಆ ದಾರಿಗೆ ತಕ್ಕ ಕುದುರೆಯಿರಲಿಲ್ಲ. ದಾರಿಯ ಹಂಬಲ ಮಾತ್ರ ಇತ್ತು. ಆ ಸವಾರಿಯ ಕಾರ್ಯದರ್ಶಿಯಾಗಿದ್ದ, 1961ರಲ್ಲಿ ಟೆವಿಸ್ ಗೆದ್ದ ಮೊದಲ ಮಹಿಳೆಯಾದ ಡ್ರುಸಿಲಾ ಬಾರ್ನರ್ ಅವನನ್ನು ಹುರಿದುಂಬಿಸಿದರು. 1974ರ ಆಗಸ್ಟಿನಲ್ಲಿ ಅವನು ಕುದುರೆಗಳ ಜೊತೆಗೆ ಕಾಲ್ನಡಿಗೆಯಲ್ಲೇ ಹೊರಟು, 100 ಮೈಲಿಯನ್ನು 23 ಗಂಟೆ 42 ನಿಮಿಷಗಳಲ್ಲಿ ಓಡಿ ಮುಗಿಸಿದ. ಇಂದು ಜಗತ್ತಿನಲ್ಲಿ ನಡೆಯುವ ನೂರು ಮೈಲಿಯ ಓಟಗಳಿಗೆ ಅದು ಮಾದರಿಯಾಯಿತು.

ಅವನ ಸಾಹಸವನ್ನು ಜನ ಬಲದ ಕತೆಯಾಗಿ ಹೇಳುತ್ತಾರೆ. ನಾನು ಅದನ್ನು ಬೇರೆಯಾಗಿ ಓದುತ್ತೇನೆ. ಹಂಬಲ ಅವನದಾಗಿತ್ತು, ಅದರ ಬೆಲೆಯನ್ನೂ ಅವನೇ ತೆತ್ತ. ಕಣಿವೆಯ ಬಿಸಿಲು, ಬಾಯಾರಿಕೆ, ಕಾಲಿನ ಬೊಕ್ಕೆ ಎಲ್ಲವೂ ಅವನವೇ. ಅಲ್ಲಿ 'ಸಾಕು' ಎನ್ನುವ ಹಕ್ಕೂ, ಬೇಡವೆಂದರೆ ಮುಂದುವರಿಯುವ ಹಕ್ಕೂ ಅವನಿಗೆ ಪೂರ್ತಿಯಾಗಿ ಇತ್ತು. ನಮ್ಮ ಹಂಬಲಕ್ಕಾಗಿ ನಾವು ಎಷ್ಟು ದಣಿದರೂ ಅದು ನಮ್ಮ ಸ್ವಾತಂತ್ರ್ಯ. ಅದೇ ಹಂಬಲವನ್ನು ಇನ್ನೊಂದು ಜೀವದ ಬೆನ್ನ ಮೇಲೆ ಹೇರಿದ ಕ್ಷಣದಿಂದ ಲೆಕ್ಕ ಬೇರೆಯಾಗುತ್ತದೆ.

ಪ್ರಿಯ ಓದುಗರೇ, ನಮ್ಮ ಮನೆಗಳಲ್ಲಿ ಕುದುರೆಗಳಿಲ್ಲದಿರಬಹುದು. ಆದರೆ ಅಪ್ಪನ ಆಸೆಯನ್ನು ಹೊತ್ತು ರಾತ್ರಿ ಹನ್ನೆರಡರವರೆಗೆ ಓದುವ ಮಗಳಿದ್ದಾಳೆ. 'ಪರವಾಗಿಲ್ಲ ಅಮ್ಮಾ, ಮಾಡುತ್ತೇನೆ' ಎನ್ನುತ್ತ ಜ್ವರದಲ್ಲೂ ಪಾತ್ರೆ ತೊಳೆಯುವ ಕೆಲಸದಾಕೆಯಿದ್ದಾಳೆ. ಎಂದೂ ಇಲ್ಲವೆನ್ನದ ಸಹೋದ್ಯೋಗಿಯಿದ್ದಾನೆ. ಇಡೀ ಸಂಸಾರವನ್ನು ಹೊತ್ತು, ತನಗೆ ಹಸಿವೆಯೇ ಇಲ್ಲವೆನ್ನುವ ತಾಯಿಯಿದ್ದಾಳೆ. ಇವರಿಗೆ ಮಾತು ಬರುತ್ತದೆ, ಆದರೂ ಆಡುವುದಿಲ್ಲ. ಇವರ ಹುಮ್ಮಸ್ಸನ್ನು ನಾವು ಒಪ್ಪಿಗೆಯೆಂದು ತಿಳಿದಿದ್ದೇವೆಯೇ? ಬೇಕಿದ್ದರೆ ಕೇಳುತ್ತಿದ್ದರು ಎಂದು ಸಮಾಧಾನ ಮಾಡಿಕೊಂಡಿದ್ದೇವೆಯೇ?

ಆ ಪರ್ವತದ ದಾರಿಯ ಸವಾರರು ತಮಗೆ ತಾವೇ ಹಾಕಿಕೊಂಡ ಅಳತೆ ಸರಳವಾದದ್ದು. ಗೆರೆ ದಾಟಿದ ಕುದುರೆ ಮತ್ತೆ ಹೊರಡಬಲ್ಲ ಸ್ಥಿತಿಯಲ್ಲಿರಬೇಕು. ನಮ್ಮ ಮನೆಯ, ನಮ್ಮ ಕೆಲಸದ ಎಷ್ಟೋ ಸಾಧನೆಗಳನ್ನು ಈ ಅಳತೆಗೆ ಒಡ್ಡಿದರೆ ಕೆಲವು ನಿಲ್ಲುತ್ತವೆ, ಕೆಲವು ಬೀಳುತ್ತವೆ. ಇಂದು ಸಂಜೆ ಮನೆಯಲ್ಲಿ, ನಿಮಗಾಗಿ ದುಡಿದವರ ಮುಖವನ್ನು ಒಮ್ಮೆ ನಿಂತು ನೋಡಿ. ಅವರು ಸಾಕು ಎನ್ನುವ ಮೊದಲೇ ಸಾಕು ಎನ್ನುವುದು ಲಗಾಮು ಹಿಡಿದವರ ಕೆಲಸ.